ಮನೆಯ ಅಳತೆಗೆ ತಕ್ಕ ಏಣಿ

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಓಣಿಗಳಲ್ಲಿ ಎರಡು ಕಾಲದ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿವೆ. ಒಂದು, ಕಲ್ಲಿನ ದಪ್ಪ ಗೋಡೆಗಳ, ತೊಲೆ-ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆ. ಇನ್ನೊಂದು, ಹತ್ತಡಿ ಎತ್ತರಕ್ಕೆ ಸ್ಲ್ಯಾಬ್ ಹಾಕಿದ ಸಿಮೆಂಟಿನ ಮನೆ. ಹಳೆಯ ಮನೆಯಲ್ಲಿ ತೊಲೆಗೆ ಹತ್ತಿದ ಗೆದ್ದಲು, ಜೇಡರ ಬಲೆ, ಬೆಳಕಿಂಡಿಯ ಕಸ ತೆಗೆಯಬೇಕು. ಹೊಸ ಮನೆಯಲ್ಲಿ ಫ್ಯಾನು ಒರೆಸಬೇಕು, ಟ್ಯೂಬ್‌ಲೈಟು ಬದಲಿಸಬೇಕು, ಅಟ್ಟದ ಮೇಲಿನ ಹಬ್ಬದ ಪಾತ್ರೆ ಇಳಿಸಬೇಕು, ಮೇಲಿನ ನೀರಿನ ಟ್ಯಾಂಕು ತೊಳೆಯಬೇಕು. ನೇಕಾರರ ಮನೆಯಾದರೆ ಇವೆಲ್ಲದರ ಜೊತೆಗೆ ಮಗ್ಗದ ನೆತ್ತಿಯ ಮೇಲೆ ಕೂತ ಡಾಬಿಯನ್ನೋ ಜಕಾರ್ಡನ್ನೋ ಆಗಾಗ ಸರಿಪಡಿಸಬೇಕು. ಕೈಗೆ ನಿಲುಕದ ಕೆಲಸ ಇಲ್ಲದ ಮನೆಯೇ ಇಲ್ಲ. ಆದರೂ ಮನೆಗೆ ಬೇಕಾದ ಸಾಮಾನಿನ ಲೆಕ್ಕ ಹಾಕುವಾಗ ಕುಕ್ಕರು, ಮಿಕ್ಸರು, ಕೂಲರು, ಇನ್ವರ್ಟರುಗಳ ಸಾಲಿನಲ್ಲಿ ಏಣಿಯ ಹೆಸರು ಬರುವುದು ಅಪರೂಪ. ಬೇಕಾದ ಹೊತ್ತಿಗೆ ಮಂಚದ ಮೇಲೆ ಪ್ಲಾಸ್ಟಿಕ್ ಕುರ್ಚಿ ಏರುತ್ತದೆ, ಕುರ್ಚಿಯ ಮೇಲೆ ಸ್ಟೂಲು ಏರುತ್ತದೆ, ಅದರ ಮೇಲೆ ಮನುಷ್ಯ. ಮನೆಯೊಳಗೆ ಎತ್ತರದಿಂದ ಬೀಳುವವರ ಕಷ್ಟಕ್ಕೆ ಏಣಿಗಿಂತ ಏಣಿ ಇಲ್ಲದಿರುವುದೇ ಹೆಚ್ಚಿನ ಕಾರಣ ಎಂಬುದು ಈ ಬರಹದ ನಿಲುವು. ಹಾಗಿದ್ದ ಮೇಲೆ ಏಣಿ ಕೊಳ್ಳುವಾಗ ಅದು ಎಷ್ಟು ಮೇಲೇರುತ್ತದೆ ಎಂದು ಕೇಳುವ ಮೊದಲು, ಬೇಕಾದ ಗಳಿಗೆಯಲ್ಲಿ ಕುರ್ಚಿಗಿಂತ ಮುಂಚೆ ಕೈಗೆ ಬರುತ್ತದೆಯೇ ಎಂದು ಕೇಳಬೇಕು.

ಬೀಳುವುದನ್ನು ನಾವು ಹಣೆಬರಹದ ಖಾತೆಗೆ ಹಾಕಿ ಸುಮ್ಮನಾಗುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಆ ಸಾವುಗಳಲ್ಲಿ ಶೇ 80ಕ್ಕೂ ಹೆಚ್ಚು ಆಗುವುದು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಬಚ್ಚಲಲ್ಲಿ ಜಾರಿದವರು, ಕಟ್ಟಡದಿಂದ ಬಿದ್ದವರು, ಎಲ್ಲರೂ ಈ ಲೆಕ್ಕದಲ್ಲಿದ್ದಾರೆ, ನಿಜ. ಆದರೂ ಮನೆಯ ಎತ್ತರ ಸಣ್ಣದು, ಅದರಿಂದ ಏನಾಗುತ್ತದೆ ಎನ್ನುವವರು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಎರಡು ಮೀಟರ್, ಅಂದರೆ ಆರೂವರೆ ಅಡಿ ಮೇಲಿಂದ ಬಿದ್ದ ದೇಹ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 22 ಕಿಲೋಮೀಟರಿಗೂ ಹೆಚ್ಚು. ಅದಕ್ಕೆ ಹಿಡಿಯುವ ಕಾಲ ಒಂದು ಸೆಕೆಂಡಿನ ಮೂರನೇ ಎರಡು ಪಾಲಿಗಿಂತ ಕಡಿಮೆ. ಕೈ ಚಾಚಿ ಹಿಡಿಯಲು, ತಲೆ ಕಾಪಾಡಿಕೊಳ್ಳಲು ಅಷ್ಟು ಹೊತ್ತು ಸಾಲದು. ಕೆಳಗಿರುವುದು ಶಹಾಬಾದ್ ಕಲ್ಲಿನ ಇಲ್ಲವೇ ತಾಂಡೂರು ಕಲ್ಲಿನ ನೆಲ. ತಲೆಗೋ ಬೆನ್ನುಹುರಿಗೋ ಪೆಟ್ಟಾಗಿ ದೊಡ್ಡ ಆಸ್ಪತ್ರೆಯೇ ಬೇಕೆಂದಾದರೆ ಮಕ್ತಲಿನವರು ರಾಯಚೂರಿಗೋ ಮಹಬೂಬನಗರಕ್ಕೋ, ಗದ್ವಾಲದವರು ಕರ್ನೂಲಿಗೋ ರಾಯಚೂರಿಗೋ ಓಡಬೇಕಾಗುತ್ತದೆ. ಮಹಾನಗರದಲ್ಲಿ ಬಿದ್ದವರಿಗೆ ಹತ್ತು ನಿಮಿಷದಲ್ಲಿ ಸಿಗಬಹುದಾದ ಚಿಕಿತ್ಸೆಗೆ ಇಲ್ಲಿ ಗಂಟೆ ಹಿಡಿದರೆ, ಅದೇ ಎತ್ತರ ಇಲ್ಲಿ ಹೆಚ್ಚು ಅಪಾಯದ್ದಾಗುತ್ತದೆ.

ಕುರ್ಚಿ ಯಾಕೆ ಏಣಿಯಾಗಲಾರದು ಎಂಬುದನ್ನು ಬಿಡಿಸಿ ನೋಡಬೇಕು. ಕುರ್ಚಿಯನ್ನು ಮಾಡಿರುವುದು ಕೂತವರ ಭಾರ ಹೊರಲು. ಆ ಭಾರ ಆಸನದ ನಡುವೆ ಕೆಳಮುಖವಾಗಿ ಇಳಿಯುತ್ತದೆ. ಅದರ ಮೇಲೆ ನಿಂತವರು ಮೇಲಕ್ಕೆ ನೋಡುತ್ತ, ಕೈ ಚಾಚುತ್ತ, ಪಾದವನ್ನು ಅಂಚಿಗೆ ಸರಿಸುತ್ತ ಹೋಗುತ್ತಾರೆ. ಭಾರ ಅಂಚಿಗೆ ಬಂದೊಡನೆ ಎದುರಿನ ಕಾಲು ಎದ್ದು ಕುರ್ಚಿ ಮಗುಚುತ್ತದೆ. ನುಣುಪು ಕಲ್ಲಿನ ಮೇಲಾದರೆ ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ಹೊರಕ್ಕೆ ಜಾರುತ್ತವೆ. ನವಾರ ಮಂಚದ ಮೇಲಿಟ್ಟರಂತೂ ನಾಲ್ಕು ಕಾಲು ನಾಲ್ಕು ಆಳಕ್ಕೆ ಇಳಿಯುತ್ತವೆ. ಇದಕ್ಕೆ ಎದುರಾಗಿ ಮಡಚುವ ಏಣಿ, ಅಂದರೆ ಎರಡು ಕಡೆ ಕಾಲು ಚಾಚಿ ತಾನೇ ನಿಲ್ಲುವ ಸ್ಟೆಪ್ ಏಣಿ, ನಿಂತು ಕೆಲಸ ಮಾಡುವವರಿಗಾಗಿಯೇ ಹುಟ್ಟಿದ್ದು. ಅದರ ಬುಡ ಅಗಲ, ನೆತ್ತಿ ಕಿರಿದು. ಹತ್ತುವವರಿಗೆ ಹಿಡಿಯಲು ಕಂಬಗಳಿವೆ, ಮೊಣಕಾಲು ಆನಿಸಲು ಮೇಲಿನ ಮೆಟ್ಟಿಲಿದೆ.

ಈ ಭಾಗದ ಮನೆಗಳಲ್ಲಿ ಹತ್ತುವ ಕೆಲಸವನ್ನು ಬೇರೆ ಊರಿಗಿಂತ ಬೇರೆಯಾಗಿಸುವ ಸಂಗತಿ ಮಗ್ಗ. ನಾರಾಯಣಪೇಟೆಯ ಸೀರೆಗೂ ಗದ್ವಾಲದ ಸೀರೆಗೂ ಭೌಗೋಳಿಕ ಗುರುತು ಸಿಕ್ಕಿದೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು-ಸೆರಗನ್ನು ‘ಕುತ್ತು’ ಎಂಬ ಹೆಣಿಗೆಯಿಂದ ಜೋಡಿಸುವ ಗದ್ವಾಲದ ಕಸುಬು ಹೊರಗಿನವರಿಗೂ ಗೊತ್ತು. ಆದರೆ ಆ ಸೀರೆ ಹುಟ್ಟುವ ಕೋಣೆಯ ಜಾಗ ಎಷ್ಟು ಇಕ್ಕಟ್ಟು, ಎಷ್ಟು ಎತ್ತರ-ತಗ್ಗಿನದು ಎಂಬುದನ್ನು ನೆನೆದವರು ಕಡಿಮೆ. ನೆಲದಲ್ಲಿ ಕುಣಿ ತೋಡಿ ಅದರೊಳಗೆ ಕಾಲಿಟ್ಟು ನೇಯುವ ಮಗ್ಗ ಅದು. ಡಿಸೈನು ಎತ್ತುವ ಡಾಬಿ, ಜಕಾರ್ಡುಗಳು ಮಗ್ಗದ ಚೌಕಟ್ಟಿನ ಮೇಲೆ, ತಲೆಗಿಂತ ಎಷ್ಟೋ ಮೇಲೆ ಕೂತಿರುತ್ತವೆ. ದಾರ ಹರಿದಾಗ, ಕೊಕ್ಕೆ ಸಿಕ್ಕಿಕೊಂಡಾಗ, ರಟ್ಟಿನ ಕಾರ್ಡುಗಳ ಸರ ಬದಲಿಸುವಾಗ ಯಾರಾದರೂ ಮೇಲೇರಲೇಬೇಕು. ಒಂದು ಕಾಲು ಮಗ್ಗದ ಅಡ್ಡಪಟ್ಟಿಯ ಮೇಲೆ, ಒಂದು ಕಾಲು ಗೋಡೆಯ ಗೂಡಿನಲ್ಲಿ ಇಟ್ಟು ನಿಂತರೆ ಕೆಳಗೆ ಸಮನೆಲವೂ ಇಲ್ಲ, ಕುಣಿಯ ಬಾಯಿ ಇದೆ. ಬಿದ್ದವರು ನೆಲಕ್ಕೆ ಬೀಳುವ ಬದಲು ಕುಣಿಯ ಅಂಚಿಗೆ, ಮಗ್ಗದ ಮರಕ್ಕೆ ಬಡಿದು ಬೀಳುತ್ತಾರೆ. ಆದ್ದರಿಂದ ಮಗ್ಗದ ಮನೆಯಲ್ಲಿ ಮೊದಲು ಬೇಕಾದದ್ದು ಕುಣಿಗೆ ಮುಚ್ಚಳ. ಮೇಲೇರುವ ಮುಂಚೆ ಕುಣಿಯ ಬಾಯಿಗೆ ಅಡ್ಡಲಾಗಿ ಗಟ್ಟಿ ಹಲಗೆ ಹಾಸಬೇಕು. ಆದರೆ ಏಣಿಯ ಕಾಲು ಆ ಹಲಗೆಯ ಮೇಲೆ ಬರಬಾರದು. ಹಲಗೆ ಜರುಗಿದರೆ ಏಣಿಯೂ ಜರುಗುತ್ತದೆ. ನಾಲ್ಕೂ ಕಾಲು ಗಟ್ಟಿ ನೆಲದ ಮೇಲೆ ಕೂರುವಷ್ಟು ಜಾಗ ಮಗ್ಗದ ಪಕ್ಕದಲ್ಲಿ ಇದೆಯೇ ಎಂದು ಅಳೆದು, ಆ ಅಳತೆಗೆ ಹೊಂದುವ ಕಿರಿದಾದ ಏಣಿ ತರಬೇಕು. ಅಂಗಡಿಯಲ್ಲಿ ಕಾಲು ಚಾಚಿ ಚಂದವಾಗಿ ನಿಂತ ಏಣಿ ಮಗ್ಗಕ್ಕೂ ಗೋಡೆಗೂ ನಡುವೆ ತೆರೆಯಲೇ ಆಗದಿದ್ದರೆ ಅದನ್ನು ಮಡಚಿದಂತೆಯೇ ಗೋಡೆಗೆ ಒರಗಿಸಿ ಹತ್ತುತ್ತಾರೆ. ಸ್ಟೆಪ್ ಏಣಿಯನ್ನು ಹಾಗೆ ಬಳಸುವುದು ಬಹಳ ಕೆಟ್ಟ ಬಗೆ. ಅದರ ಪಾದಗಳು ಅಗಲಿಸಿ ನಿಂತಾಗ ಮಾತ್ರ ನೆಲವನ್ನು ಪೂರ್ತಿ ಮುಟ್ಟುವಂತೆ ಕೊಯ್ದಿರುತ್ತಾರೆ.

ಅಳತೆಯ ಮಾತು ಬಂದಿತು. ಏಣಿಯ ಆಯ್ಕೆಯೆಲ್ಲ ನಿಂತಿರುವುದೇ ಅದರ ಮೇಲೆ. ಐದಡಿ ಮೂರಿಂಚಿನ ಆಳು ಕೈ ಎತ್ತಿದರೆ ಬೆರಳ ತುದಿ ಸುಮಾರು ಆರೂವರೆ ಅಡಿಗೆ ಮುಟ್ಟುತ್ತದೆ. ಸ್ಕ್ರೂ ತಿರುಗಿಸುವಂಥ ಕೆಲಸವನ್ನು ಆರಾಮಾಗಿ ಮಾಡಲು ಆರಡಿಯ ಎತ್ತರವೇ ಹಿತ. ಹತ್ತಡಿಯ ಸ್ಲ್ಯಾಬಿಗೆ ತೂಗುಹಾಕಿದ ಫ್ಯಾನಿನ ಮೋಟಾರು ಒಂಬತ್ತಡಿಯಲ್ಲಿದ್ದರೆ, ಪಾದ ನೆಲದಿಂದ ಮೂರಡಿ ಮೇಲಿದ್ದರೆ ಸಾಕು. ಸ್ಟೆಪ್ ಏಣಿಯ ಕೊನೆಯ ಎರಡು ಮೆಟ್ಟಿಲ ಮೇಲೆ ನಿಲ್ಲಬಾರದು, ಆದ್ದರಿಂದ ಬೇಕಾದ ಪಾದದ ಎತ್ತರಕ್ಕೆ ಎರಡಡಿ ಕೂಡಿಸಬೇಕು. ಅಲ್ಲಿಗೆ ಐದಡಿಯ ಏಣಿ. ಏಳಡಿಯಲ್ಲಿರುವ ಅಟ್ಟಕ್ಕೂ ಅದೇ ಸಾಕಾಗುತ್ತದೆ, ಏಕೆಂದರೆ ಪಾತ್ರೆ ಇಳಿಸುವಾಗ ಅಟ್ಟ ಎದೆಯ ಮಟ್ಟಕ್ಕೆ ಬರಬೇಕು, ಕೈ ತಲೆಯ ಮೇಲೆ ಹೋಗಬಾರದು. ಹಳೆಯ ಮಾಳಿಗೆ ಮನೆಯ ತೊಲೆ ಹದಿಮೂರಡಿಯಲ್ಲಿದ್ದರೆ ಲೆಕ್ಕ ಬೇರೆ. ಪಾದ ಏಳಡಿಗೆ, ಏಣಿ ಒಂಬತ್ತಡಿಗೆ ಹೋಗುತ್ತದೆ. ಇನ್ನು ಹೊರಗಿನಿಂದ ಹನ್ನೊಂದಡಿಯ ಮಾಳಿಗೆ ಏರಲು ಒರಗಿಸುವ ಏಣಿ ಬೇಕು. ಅದು ಮಾಳಿಗೆಯ ಅಂಚು ದಾಟಿ ಮೂರಡಿ ಮೇಲೆ ಚಾಚಿರಬೇಕು, ಇಲ್ಲದಿದ್ದರೆ ಏಣಿಯಿಂದ ಮಾಳಿಗೆಗೆ ಕಾಲಿಡುವಾಗ ಹಿಡಿಯಲು ಏನೂ ಇರುವುದಿಲ್ಲ. ಓರೆಯಾಗಿ ನಿಲ್ಲುವುದನ್ನೂ ಲೆಕ್ಕಕ್ಕೆ ತಂದರೆ ಏಣಿಯ ಉದ್ದ ಹದಿನಾಲ್ಕೂವರೆ, ಅಂದರೆ ಹದಿನೈದಡಿ. ಕೆಲಸಕ್ಕೆ ತಕ್ಕಂತೆ ಐದಡಿ, ಒಂಬತ್ತಡಿ, ಹದಿನೈದಡಿ ಎಂದು ಮೂರು ಅಳತೆಯ ಏಣಿ ಬೇಕೆಂದಾಯಿತು. ಹೆಚ್ಚು-ಕಡಿಮೆ ಮಾಡಬಹುದಾದ ಎತ್ತರದ ಏಣಿ ಎಂಬ ಸಾಮಾನು ಜನರ ಮನಸ್ಸು ಸೆಳೆಯುವುದು ಇಲ್ಲಿಯೇ.

ಆ ಜಾತಿಯಲ್ಲಿ ಎರಡು ಬಗೆ ಅಂಗಡಿಗಳಲ್ಲಿ ಸಿಗುತ್ತವೆ. ಒಂದು, ನಾಲ್ಕು ತುಂಡುಗಳನ್ನು ದೊಡ್ಡ ಕೀಲುಗಳಿಂದ ಜೋಡಿಸಿದ್ದು. ತುಂಡಿಗೆ ನಾಲ್ಕು ಮೆಟ್ಟಿಲಿನಂತೆ ಇರುವುದನ್ನು ಪೂರ್ತಿ ಬಿಚ್ಚಿದರೆ ಸುಮಾರು ಹದಿನೈದಡಿಯ ನೇರ ಏಣಿ, ನಡುವೆ ಬಾಗಿಸಿದರೆ ಏಳಡಿಯ ಸ್ಟೆಪ್ ಏಣಿ, ನಾಲ್ಕು ಮಡಿಕೆ ಮಾಡಿದರೆ ಮಂಚದಡಿ ಸೇರುವ ಗಂಟು. ಇನ್ನೊಂದು ಟೆಲಿಸ್ಕೋಪಿಕ್, ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಇಳಿಯುತ್ತದೆ, ಒಂದೊಂದು ಮೆಟ್ಟಿಲೂ ಎಳೆದಾಗ ಟಕ್ಕೆಂದು ಬೀಗ ಹಾಕಿಕೊಳ್ಳುತ್ತದೆ. ಇಲ್ಲೊಂದು ಗಟ್ಟಿ ಆಕ್ಷೇಪ ಏಳುತ್ತದೆ: ಕೀಲು ಹೆಚ್ಚಿದಷ್ಟೂ ಕೈಕೊಡುವ ಜಾಗ ಹೆಚ್ಚಿದಂತಲ್ಲವೇ? ಈ ಮಾತು ಸರಿಯೇ. ಇಡೀ ಬಿದಿರಿನ ಏಣಿಯಲ್ಲಿ ಮುರಿಯಬಹುದಾದದ್ದು ಮೆಟ್ಟಿಲು ಮತ್ತು ಕಂಬ. ಕೀಲಿನ ಏಣಿಯಲ್ಲಿ ಒಂದು ಕೀಲಿನ ಗುಂಡಿ ಅರ್ಧ ಕೂತು ನಿಂತರೂ ಇಡೀ ಏಣಿ ಮಡಚಿಕೊಳ್ಳಬಹುದು. ಐರೋಪ್ಯ ಏಣಿ ಮಾನದಂಡವಾದ ಇಎನ್ 131ರಲ್ಲಿ ಕೀಲಿನ ಏಣಿಗೂ ಟೆಲಿಸ್ಕೋಪಿಕ್ ಏಣಿಗೂ ಬೇರೆ ಬೇರೆ ಭಾಗಗಳನ್ನೇ ಮೀಸಲಿಟ್ಟಿದ್ದಾರೆ. ಆದರೆ ಈ ಅಪಾಯವನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ತಿಳಿಯಬಹುದು. ಏಣಿಯನ್ನು ನೆಲದ ಮೇಲೆ ಮಲಗಿಸಿಯೇ ಬಿಚ್ಚಬೇಕು, ಪ್ರತಿ ಕೀಲಿನ ಬೀಗದ ಸದ್ದು ಕೇಳಬೇಕು, ಎತ್ತಿ ನಿಲ್ಲಿಸುವ ಮುಂಚೆ ಎರಡೂ ಬದಿಯ ಕೀಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡಬೇಕು. ಟೆಲಿಸ್ಕೋಪಿಕ್ ಆದರೆ ಮುಚ್ಚುವಾಗ ಬೆರಳುಗಳನ್ನು ಮೆಟ್ಟಿಲುಗಳ ನಡುವೆ ಇಡದೆ ಕಂಬದ ಹೊರಬದಿಯಲ್ಲಿ ಹಿಡಿಯಬೇಕು. ಅದರ ಕೊಳವೆಗೆ ಧೂಳು-ಮರಳು ಸೇರಿದರೆ ಬೀಗ ಪೂರ್ತಿ ಕೂರುವುದಿಲ್ಲ, ಅದಕ್ಕಾಗಿ ಹೊಲಮನೆಗೆ, ಮಣ್ಣಿನ ಅಂಗಳಕ್ಕೆ ಅದು ತಕ್ಕದ್ದಲ್ಲ. ನನ್ನ ಲೆಕ್ಕದಲ್ಲಿ ಈ ಸೀಮೆಯ ಮನೆಗಳಿಗೆ ಎರಡರಲ್ಲಿ ಕೀಲಿನದೇ ಮೇಲು.

ಹಾಗೆಂದು ಕೀಲಿನ ಹದಿನೈದಡಿಯ ಏಣಿಯನ್ನು ಎಲ್ಲ ಮನೆಗೂ ಒಪ್ಪಿಸಲಾಗದು. ಅದರ ತೂಕ ಸುಮಾರು ಹದಿಮೂರು-ಹದಿನೈದು ಕಿಲೋ. ಐವತ್ತು ಕಿಲೋ ತೂಗುವ ಮನೆಯಾಕೆ ಅದನ್ನು ಒಬ್ಬಳೇ ಎಳೆದು ತಂದು ಬಿಚ್ಚಿ ನಿಲ್ಲಿಸಬೇಕೆಂದರೆ ಎರಡನೇ ಸಲಕ್ಕೇ ಏಣಿ ಮೂಲೆ ಸೇರುತ್ತದೆ, ಕುರ್ಚಿ ವಾಪಸು ಬರುತ್ತದೆ. ಮೆಟ್ಟಿಲುಗಳೂ ಅಗಲ ಕಡಿಮೆಯವು. ಹತ್ತಿ ಇಳಿಯಲು ಸರಿ, ಅರ್ಧ ಗಂಟೆ ನಿಂತು ಜಕಾರ್ಡಿನ ದಾರ ಬಿಡಿಸಲು ಪಾದ ನೋಯುತ್ತದೆ, ನೋವಾದಾಗ ಮನುಷ್ಯ ನಿಲುವು ಬದಲಿಸುತ್ತಾನೆ, ಆಗಲೇ ಆಯ ತಪ್ಪುವುದು. 1862ರಲ್ಲಿ ಅಮೆರಿಕದ ಡೇಟನ್ ಊರಿನ ಬಡಗಿ ಜಾನ್ ಬಾಲ್ಸ್ಲಿ ಮಡಚುವ ಏಣಿಗೆ ಪೇಟೆಂಟ್ ಪಡೆದಾಗ ಅದರ ಗುಣವೇ ಚಪ್ಪಟೆ ಮೆಟ್ಟಿಲು. ದುಂಡು ಕೋಲಿನ ಮೇಲೆ ನಿಂತು ಕೆಲಸ ಮಾಡುವುದು ಕಷ್ಟವೆಂಬುದು ಅಂದೇ ಗೊತ್ತಿದ್ದ ಸಂಗತಿ. ಮನೆಗೆ ಒಂದೇ ಏಣಿ ಎಂದಾದರೆ ನಾನು ಹೇಳುವುದು ಇದನ್ನು: ಮಾಳಿಗೆಗೆ ಕಟ್ಟಿದ ಮೆಟ್ಟಿಲಿದ್ದ ಮನೆಯವರು ಎತ್ತರದ ಆಸೆ ಬಿಟ್ಟು, ಅಗಲ ಮೆಟ್ಟಿಲಿನ, ಮೇಲೆ ನಿಲ್ಲಲು ಹಲಗೆಯೂ ಮೊಣಕಾಲ ಮಟ್ಟಕ್ಕಿಂತ ಮೇಲೆ ಹಿಡಿಯೂ ಇರುವ ಐದಾರಡಿಯ ಹಗುರ ಏಣಿ ತರಲಿ. ಕಟ್ಟಿದ ಮೆಟ್ಟಿಲಿಲ್ಲದ ಮನೆಯವರಿಗೆ ಮಾತ್ರ ಕೀಲಿನ ಉದ್ದ ಏಣಿ. ಹದಿಮೂರಡಿಯ ತೊಲೆಯ ಕೆಲಸ ಇವೆರಡಕ್ಕೂ ಮೀರಿದ್ದು. ವರ್ಷಕ್ಕೊಮ್ಮೆ ಬರುವ ಆ ಕೆಲಸಕ್ಕೆ ಸೆಂಟ್ರಿಂಗ್‌ನವರಿಂದ ಅಟ್ಟಣಿಗೆ ಬಾಡಿಗೆಗೆ ತಂದು ಮಾಡಿಸುವುದೇ ಸರಿ.

ಅಂಗಡಿಯಲ್ಲಿ ನೋಡಬೇಕಾದದ್ದು ಹೊಳಪನ್ನಲ್ಲ, ಚೀಟಿಯನ್ನು. ಏಣಿ ಎಷ್ಟು ಭಾರ ತಡೆಯುತ್ತದೆ ಎಂದು ಬದಿಗೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ಇಎನ್ 131 ಎಂದಿದ್ದರೆ ಗರಿಷ್ಠ ಭಾರ 150 ಕಿಲೋ. ಅಮೆರಿಕದ ಮಾನದಂಡದ ಏಣಿಗಳಲ್ಲಿ ಮನೆಬಳಕೆಯ ಕೆಳದರ್ಜೆಯದಕ್ಕೆ 200 ಪೌಂಡ್, ಅಂದರೆ ಸುಮಾರು 90 ಕಿಲೋ. ಅದಕ್ಕಿಂತ ಮೇಲಿನ ದರ್ಜೆಯೊಂದಕ್ಕೆ 300 ಪೌಂಡ್, ಸುಮಾರು 136 ಕಿಲೋ. ನಮ್ಮಲ್ಲಿಯೂ ಭಾರತೀಯ ಮಾನಕ ಸಂಸ್ಥೆಯ ಐಎಸ್ 3696 ಎಂಬ ಸುರಕ್ಷತಾ ಸಂಹಿತೆಯ ಎರಡನೇ ಭಾಗ, 1991ರದ್ದು, ಏಣಿಗಳ ಕುರಿತೇ ಇದೆ. ಈ ಭಾರವೆಂದರೆ ಮನುಷ್ಯನ ತೂಕವೊಂದೇ ಅಲ್ಲ. ಕೈಯಲ್ಲಿನ ಫ್ಯಾನು, ಹೆಗಲ ಚೀಲ, ಬಣ್ಣದ ಡಬ್ಬಿ ಎಲ್ಲವೂ ಸೇರಿ. ಎಂಬತ್ತು ಕಿಲೋ ತೂಗುವವರು ಹದಿನೈದು ಕಿಲೋದ ಹೊರೆಯೊಡನೆ ತೊಂಬತ್ತರ ಏಣಿ ಹತ್ತಿದರೆ ಮಿತಿ ಮೀರಿದಂತೆಯೇ. ತೊಂದರೆ ಇರುವುದು ಚೀಟಿಯ ಭಾಷೆಯಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಗಿನ ಆಂಧ್ರಪ್ರದೇಶಕ್ಕೆ ಹೋದವು. ಮಕ್ತಲ್, ನಾರಾಯಣಪೇಟೆಗಳು ಮಹಬೂಬನಗರ ಜಿಲ್ಲೆಯಲ್ಲೇ ಉಳಿದವು. ಕೃಷ್ಣಾ, ಮಾಗನೂರು ಮಂಡಲಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡ, ಅಂಗಡಿಯಲ್ಲಿ ತೆಲುಗು, ಏಣಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿ. ಹತ್ತುವವರಿಗೆ ಓದಲು ಬಾರದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ತಯಾರಕರು ಕನ್ನಡ, ತೆಲುಗು, ಉರ್ದುಗಳಲ್ಲಿ ಒಂದು ಚಿತ್ರಸಹಿತ ಹಾಳೆ ಅಂಟಿಸುವುದು ದೊಡ್ಡ ಖರ್ಚಲ್ಲ. ಅದನ್ನು ಕೇಳುವ ಹಕ್ಕು ಕೊಳ್ಳುವವರಿಗಿದೆ. ಅಲ್ಲಿಯವರೆಗೆ, ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಅದರ ಕೈಯಲ್ಲಿ ಓದಿಸಿ, ತಡೆಯುವ ಭಾರ ಮತ್ತು ನಿಲ್ಲಬಹುದಾದ ಕೊನೆಯ ಮೆಟ್ಟಿಲನ್ನು ಎಣ್ಣೆಬಣ್ಣದಲ್ಲಿ ಏಣಿಯ ಮೇಲೇ ಗುರುತು ಮಾಡಿಡಬಹುದು. ಕೊಳ್ಳುವ ಮುಂಚೆ ಅಂಗಡಿಯ ಸಮನೆಲದಲ್ಲಿ ಬಿಚ್ಚಿ, ಎರಡನೇ ಮೆಟ್ಟಿಲ ಮೇಲೆ ನಿಂತು ಸೊಂಟ ಅತ್ತಿತ್ತ ಆಡಿಸಿ ನೋಡಬೇಕು. ಕಂಬ ತಿರುಚಿದಂತೆ ಅನಿಸಿದರೆ, ಒಂದು ಕಾಲು ಎದ್ದರೆ, ಅದು ಎಷ್ಟು ಅಗ್ಗವಾದರೂ ಬೇಡ.

"ಐದು ನಿಮಿಷದ ಕೆಲಸಕ್ಕ ಸಾವಿರಾರು ರೂಪಾಯಿ ಯಾಕ ಹಾಕಬೇಕ್ರೀ?" ಎಂಬ ಪ್ರಶ್ನೆ ಬರುತ್ತದೆ, ಬರಬೇಕಾದದ್ದೇ. ಮಗ್ಗದ ಕೂಲಿಯ ಮೇಲೆ ನಡೆಯುವ ಮನೆಗೆ ಒಳ್ಳೆಯ ಏಣಿಯ ಬೆಲೆ ಸಣ್ಣ ಮೊತ್ತವಲ್ಲ. ಆದರೆ ಒಂದು ಮಣಿಕಟ್ಟು ಮುರಿದರೆ ನೇಕಾರನ ಮಗ್ಗ ತಿಂಗಳುಗಟ್ಟಲೆ ನಿಲ್ಲುತ್ತದೆ, ಚಿಕಿತ್ಸೆ ಉಚಿತವಾಗಿ ಸಿಕ್ಕರೂ ಕೂಲಿ ಸಿಗುವುದಿಲ್ಲ. ಹಣವಿಲ್ಲದವರಿಗೆ ದಾರಿಯೂ ಇದೆ. ವರ್ಷಕ್ಕೆ ನಾಲ್ಕಾರು ಸಲ ಬೇಕಾಗುವ ಉದ್ದ ಏಣಿಯನ್ನು ಓಣಿಯ ನಾಲ್ಕೈದು ಮನೆಯವರು ಕೂಡಿ ತರಬಹುದು. ನೇಕಾರರ ಸಹಕಾರ ಸಂಘಗಳು ಮಗ್ಗದ ಸಾಮಾನಿನ ಜೊತೆಗೇ ಹಲಗೆ ಇರುವ ಏಣಿಯೊಂದನ್ನು ಸದಸ್ಯರಿಗಾಗಿ ಇಟ್ಟುಕೊಳ್ಳಬಹುದು. ಕೂಡಿ ತಂದ ಏಣಿಗೆ ಒಡೆಯ ಇರುವುದಿಲ್ಲ ಎಂಬ ಆತಂಕಕ್ಕೆ ಪರಿಹಾರ, ಯಾರ ಮನೆಯಲ್ಲಿ ಇರುತ್ತದೋ ಅವರೇ ಕೊಡುವಾಗ, ಹಿಂದಕ್ಕೆ ಪಡೆಯುವಾಗ ನೋಡಿ ಪಡೆಯುವುದು. ಒಳಮನೆಯ ಐದಡಿಯ ಏಣಿ ಮಾತ್ರ ಸ್ವಂತದ್ದೇ ಆಗಿರಬೇಕು, ಏಕೆಂದರೆ ಬಲ್ಬು ಬದಲಿಸಲು ಯಾರೂ ಪಕ್ಕದ ಮನೆಯ ಬಾಗಿಲು ತಟ್ಟುವುದಿಲ್ಲ. ನಾವು ಹತ್ತುವುದೇ ಇಲ್ಲ, ಎಲೆಕ್ಟ್ರಿಷಿಯನ್ನನ್ನೋ ಬಣ್ಣದವರನ್ನೋ ಕರೆಸುತ್ತೇವೆ ಎನ್ನುವವರೂ ಇದ್ದಾರೆ. ಕರೆಸುವುದು ಒಳ್ಳೆಯದೇ. ಆದರೆ ಬಂದವನ ಕೈಯಲ್ಲಿ ಏಣಿ ಇಲ್ಲದಿದ್ದರೆ ಆತ ಅದೇ ಕುರ್ಚಿ, ಅದೇ ಸ್ಟೂಲು ಕೇಳುತ್ತಾನೆ. ನಮ್ಮ ಮನೆಯ ಸೂರಿನಡಿ ಬೀಳುವವನು ಬೇರೆಯವನಾದರೆ ಅಪಾಯ ಕಡಿಮೆಯಾಗಲಿಲ್ಲ, ಬಡವನ ಮೈಮೇಲೆ ಹೋಯಿತು ಅಷ್ಟೇ.

ಹಿರಿಯರು ಬಿದಿರಿನ ನಿಚ್ಚಣಿಕೆಯಲ್ಲೇ ಜೀವನ ಕಳೆದರಲ್ಲ ಎಂಬ ಮಾತಿಗೆ ಗೌರವ ಕೊಟ್ಟೇ ಉತ್ತರಿಸಬೇಕು. ಬಿದಿರು ಕೆಟ್ಟ ಸಾಮಾನಲ್ಲ. ಹಗುರ, ಗಟ್ಟಿ, ಒಣಗಿದ್ದಾಗ ಕರೆಂಟನ್ನು ಲೋಹದಂತೆ ಹರಿಯಗೊಡುವುದಿಲ್ಲ. ಆದರೆ ಅಂದಿನ ಅಂಗಳ ಮಣ್ಣಿನದು, ಏಣಿಯ ಕಾಲು ಅದರಲ್ಲಿ ಊರಿ ನಿಲ್ಲುತ್ತಿತ್ತು. ಇಂದಿನದು ನುಣುಪು ಕಲ್ಲು, ಟೈಲ್ಸು. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತಲೆಯ ಮೇಲಿನ ತಂತಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಂತೆ ಮನೆಯ ಮೇಲೆ ಹಾದುಹೋಗುವ ಕಡಿಮೆ ವೋಲ್ಟೇಜಿನ ತಂತಿ ಮಾಳಿಗೆಯಿಂದ ಕನಿಷ್ಠ 2.5 ಮೀಟರ್ ಮೇಲೆ, 11 ಸಾವಿರ ವೋಲ್ಟಿನ ತಂತಿ 3.7 ಮೀಟರ್ ಮೇಲೆ ಇರಬೇಕು. ಪಕ್ಕದಲ್ಲಿ ಹಾದರೆ 1.2 ಮೀಟರ್ ದೂರ. ಈಗ ಹದಿನೈದಡಿಯ ಏಣಿಯನ್ನು ನೆನೆಯಿರಿ, ಅದು 4.5 ಮೀಟರಿಗೂ ಉದ್ದ. ನಿಯಮ ಪೂರ್ತಿ ಪಾಲಿಸಿ ಎಳೆದ ತಂತಿಯೂ ಮಾಳಿಗೆಯ ಮೇಲೆ ನೆಟ್ಟಗೆ ಎತ್ತಿದ ಏಣಿಗೆ ಮುಟ್ಟುತ್ತದೆ. ಹಳೆಯ ಓಣಿಗಳಲ್ಲಿ ಮನೆ ಮೇಲಕ್ಕೆ ಬೆಳೆದು ತಂತಿ ಅಲ್ಲೇ ಉಳಿದ ಕಡೆ ಅಷ್ಟು ಅಂತರವೂ ಇರುವುದಿಲ್ಲ. ಅಲ್ಯೂಮಿನಿಯಂ ಏಣಿ ಹಿಡಿದವರಿಗೆ ತಂತಿ ತಗುಲುವುದೆಂದರೆ ಸಾವು. ಆದ್ದರಿಂದ ಉದ್ದ ಏಣಿಯನ್ನು ಅಡ್ಡವಾಗಿಯೇ ಹೊತ್ತೊಯ್ಯಬೇಕು, ಎತ್ತಿ ನಿಲ್ಲಿಸುವ ಮುಂಚೆ ತಲೆಯೆತ್ತಿ ನೋಡಬೇಕು, ತಂತಿ ಹತ್ತಿರವಿದ್ದರೆ ಏಣಿ ನಿಲ್ಲಿಸುವ ಯೋಚನೆಯನ್ನೇ ಬಿಟ್ಟು 1912ಕ್ಕೆ ಫೋನು ಮಾಡಿ ಲೈನ್‌ಮ್ಯಾನ್ ಬರುವವರೆಗೆ ಕಾಯಬೇಕು. ಒಳಗಿನ ಫ್ಯಾನು-ಬಲ್ಬಿನ ಕೆಲಸಕ್ಕೂ ಗೋಡೆಯ ಸ್ವಿಚ್ಚನ್ನು ನೆಚ್ಚದೆ ಮೇನ್ ಇಳಿಸಬೇಕು. ಕರೆಂಟಿನ ಕೆಲಸವೇ ಹೆಚ್ಚೆನ್ನುವವರಿಗೆ ಫೈಬರ್ ಕಂಬದ ಏಣಿ ಸಿಗುತ್ತದೆ. ಬೆಲೆ ಮತ್ತು ತೂಕ ಎರಡೂ ಜಾಸ್ತಿ, ಆದರೂ ಒದ್ದೆಯಾಗದ, ಕೊಳೆಯಿಲ್ಲದ ಫೈಬರ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಹಾಗೆಂದು ಅದನ್ನು ಹಿಡಿದು 11 ಸಾವಿರ ವೋಲ್ಟಿನ ತಂತಿಯ ಹತ್ತಿರ ಹೋಗುವ ಹಾಗಿಲ್ಲ.

ಹತ್ತುವ ರೀತಿಯ ಬಗ್ಗೆ ಮಾತು ಕಡಿಮೆ ಸಾಕು, ಅಭ್ಯಾಸ ಹೆಚ್ಚು ಬೇಕು. ಒರಗಿಸುವ ಏಣಿ ನಾಲ್ಕಡಿ ಮೇಲೇರಿದರೆ ಬುಡ ಗೋಡೆಯಿಂದ ಒಂದಡಿ ಹೊರಗಿರಬೇಕು. ಏಣಿಯ ಬುಡಕ್ಕೆ ಕಾಲ ಹೆಬ್ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಮುಂದೆ ಚಾಚಿದಾಗ ಅಂಗೈ ಕಂಬಕ್ಕೆ ತಾಗಿದರೆ ಓರೆ ಸರಿಯಿದೆ ಎಂದರ್ಥ. ಮೇಲ್ತುದಿಯನ್ನು ಹಗ್ಗದಿಂದ ಕಟ್ಟಬೇಕು, ಕಟ್ಟುವವರೆಗೂ ಕೆಳಗೊಬ್ಬರು ಎರಡೂ ಕಂಬ ಹಿಡಿದಿರಬೇಕು. ಕೃಷ್ಣಾ-ತುಂಗಭದ್ರೆಗಳ ನಡುವಿನ ನಡಿಗಡ್ಡೆ ಸೀಮೆಯ ಎರೆಮಣ್ಣಿನ ಅಂಗಳ ಮಳೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಒಂದು ಕಾಲು ಇಳಿದರೆ ಹದಿನೈದಡಿಯ ತುದಿ ಗೇಣುಗಟ್ಟಲೆ ವಾಲುತ್ತದೆ; ಅಲ್ಲಿ ಎರಡೂ ಕಾಲಿಗೆ ಸೇರಿ ಒಂದೇ ಅಗಲ ಹಲಗೆ ಹಾಸಬೇಕು, ಬಿಡಿ ಬಿಡಿ ಇಟ್ಟಿಗೆ ಸಲ್ಲದು. ಏಣಿಗೆ ಮುಖ ಮಾಡಿಯೇ ಹತ್ತಬೇಕು, ಇಳಿಯಬೇಕು. ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು ಸದಾ ಏಣಿಯ ಮೇಲಿರಬೇಕು. ಹೊಕ್ಕುಳು ಎರಡು ಕಂಬಗಳ ನಡುವೆಯೇ ಇರಲಿ. ಪಕ್ಕಕ್ಕೆ ಇನ್ನು ಗೇಣಷ್ಟೇ ಎಂದು ವಾಲುವ ಬದಲು ಇಳಿದು ಏಣಿ ಜರುಗಿಸಿ ಮತ್ತೆ ಹತ್ತುವುದು ಬೇಸರದ ಕೆಲಸ, ಆದರೆ ಬಿದ್ದವರಲ್ಲಿ ಎಷ್ಟೋ ಜನ ತಪ್ಪಿದ್ದು ಆ ಗೇಣಿನಲ್ಲೇ. ಹವಾಯಿ ಚಪ್ಪಲಿ ಬಿಟ್ಟು ಹತ್ತಬೇಕು, ಸೀರೆಯ ನೆರಿಗೆ, ಧೋತರ, ಲುಂಗಿಗಳನ್ನು ಮೇಲೆತ್ತಿ ಸಿಕ್ಕಿಸಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಹೊರಗೆ ನಿಂತ ಅಲ್ಯೂಮಿನಿಯಂ ಅಂಗೈ ಸುಡುವಷ್ಟು ಕಾಯುತ್ತದೆ, ಸುಟ್ಟ ಕೈ ಹಿಡಿತ ಬಿಡುತ್ತದೆ. ಟ್ಯಾಂಕಿನ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಲೇಸು. ರಕ್ತದೊತ್ತಡದ ಗುಳಿಗೆ ನುಂಗುವವರು, ಮೇಲೆ ನೋಡಿದರೆ ತಲೆ ತಿರುಗುವವರು ಮನೆಯಲ್ಲಿ ಎಷ್ಟೇ ಹಿರಿಯರಾದರೂ ಹತ್ತಬಾರದು. ದಸರೆ-ಯುಗಾದಿಗಳ ಮುಂಚೆ ಮನೆ ತೊಳೆಯುವ, ತೋರಣ ಕಟ್ಟುವ ಗಡಿಬಿಡಿಯಲ್ಲಿ ಈ ಮಾತನ್ನು ಹಿರಿಯರಿಗೆ ಹೇಳುವ ಧೈರ್ಯ ಕಿರಿಯರಿಗೆ ಬರಬೇಕು.

ಇಷ್ಟಾದರೂ ಯಾರಾದರೂ ಬಿದ್ದರೆ, ಕೂಡಲೇ ಎತ್ತಿ ಕೂರಿಸಿ ನೀರು ಕುಡಿಸುವುದು ನಮ್ಮ ಮೊದಲ ಪ್ರೀತಿ, ಅದೇ ಕೆಲವೊಮ್ಮೆ ಬೆನ್ನುಹುರಿಗೆ ಎರಡನೇ ಪೆಟ್ಟು. ಕುತ್ತಿಗೆ, ಬೆನ್ನು ನೋಯುತ್ತದೆ ಎಂದರೆ, ಕೈಕಾಲು ಜೋಮು ಹಿಡಿದಿದೆ ಎಂದರೆ ಅಲುಗಿಸದೆ 108ಕ್ಕೆ ಕರೆ ಮಾಡಬೇಕು. ತಲೆಗೆ ಪೆಟ್ಟಾದವರು ಎದ್ದು ನಡೆದಾಡಿದರೂ ಒಂದು ದಿನ ಗಮನಿಸಬೇಕು. ವಾಂತಿ, ಮಂಪರು, ಮಾತಿನ ತೊದಲು ಕಂಡರೆ ರಾತ್ರಿಯೇ ಆದರೂ ಆಸ್ಪತ್ರೆಗೆ ಹೊರಡಬೇಕು. ಕರೆಂಟು ತಗುಲಿ ಏಣಿಗೆ ಅಂಟಿಕೊಂಡವರನ್ನು, ಮನೆಯೊಳಗಾದರೆ ಮೇನ್ ಇಳಿಸದೆ, ಹೊರಗಿನ ತಂತಿಯಾದರೆ ಲೈನ್ ಬಂದ್ ಮಾಡಿಸದೆ ಮುಟ್ಟಬಾರದು. ಮುಟ್ಟಿದವರೂ ಅಲ್ಲೇ ಉಳಿದಾರು.

ಏಣಿಯನ್ನು ಇಡುವ ಜಾಗವೂ ಆಯ್ಕೆಯಷ್ಟೇ ಮುಖ್ಯ. ಒಳಮನೆಯ ಏಣಿ ಅಡುಗೆಮನೆ, ಮಗ್ಗದ ಕೋಣೆಗಳಿಗೆ ಹತ್ತಿರವಿರಬೇಕು, ಮೇಲೆ ಗೋಣಿಚೀಲ, ಹಾಸಿಗೆ ಹೇರಿರಬಾರದು. ಹೊರಗಿನ ಉದ್ದ ಏಣಿಯನ್ನು ಗೋಡೆಗೆ ಅಡ್ಡಲಾಗಿ, ಎರಡು-ಮೂರು ಕೊಕ್ಕೆಗಳ ಮೇಲೆ ಸೂರಿನ ಕೆಳಗೆ ಇಟ್ಟು ಸರಪಳಿ ಹಾಕಬೇಕು. ಹಾಗಿದ್ದರೆ ಕಳ್ಳರಿಗೂ ಸಿಗದು, ಮಕ್ಕಳಿಗೂ ಸಿಗದು. ವರ್ಷಕ್ಕೆರಡು ಸಲ ಹಬ್ಬದ ಮುಂಚೆ ರಬ್ಬರ್ ಪಾದ ಸವೆದಿದೆಯೇ, ರಿವೆಟ್ಟು ಸಡಿಲವೇ, ಕಂಬದಲ್ಲಿ ಸೊಟ್ಟ ಇದೆಯೇ, ಬಿದಿರಿನದಾದರೆ ಸೀಳು, ಗೆದ್ದಲು, ಸಡಿಲ ಕಟ್ಟು ಇವೆಯೇ ಎಂದು ನೋಡಬೇಕು. ಬಿದಿರಿಗೂ ಮರದ ಏಣಿಗೂ ಬಣ್ಣ ಬಳಿಯಬಾರದು, ಬಣ್ಣದಡಿ ಸೀಳು ಕಾಣುವುದಿಲ್ಲ. ಬೇಕಾದರೆ ಎಣ್ಣೆ ಹಚ್ಚಿ ಒರೆಸಿದರೆ ಸಾಕು. ರಬ್ಬರ್ ಪಾದ ಹೊಸದು ಹಾಕಿಸಬಹುದು. ಸೊಟ್ಟಾದ ಅಲ್ಯೂಮಿನಿಯಂ ಕಂಬವನ್ನು ಬಡಿದು ನೆಟ್ಟಗೆ ಮಾಡಿಸಬಾರದು, ಬಾಗಿದ ಕಡೆ ಲೋಹದ ಸತ್ವ ಹೋಗಿರುತ್ತದೆ. ಅಂಥ ಏಣಿಯನ್ನು ಗುಜರಿಗೆ ಹಾಕುವ ಮುಂಚೆ ಎರಡೂ ಕಂಬಗಳನ್ನು ನಡುವೆ ಗರಗಸದಿಂದ ಕೊಯ್ದು ಕೊಡಬೇಕು. ಇಡಿಯಾಗಿ ಕೊಟ್ಟರೆ ತೂಕಕ್ಕೆ ಕೊಂಡವನಿಂದ ಅಗ್ಗಕ್ಕೆ ಕೊಂಡು ಇನ್ನೊಬ್ಬರು ಅದನ್ನು ಮತ್ತೆ ಗೋಡೆಗೆ ಒರಗಿಸುತ್ತಾರೆ.